ಮೂವತ್ತೆರಡು ಸೀಟಿನ ಮೆಣಸಿನಕಾಯಿ ತೋಟ

ಡಿಪೋದಲ್ಲಿ ಅವನಿಗೆ ಗಡಿಯಾರ ಎಂದೇ ಹೆಸರು. ಇಪ್ಪತ್ತೊಂಬತ್ತು ವರ್ಷ ಊರೊಳಗಿನ ಕೆಂಪು ಬಸ್ಸು ಓಡಿಸಿದವನು. ಅವನ ಬಸ್ಸು ತಿರುವಿನಲ್ಲಿ ಮೂತಿ ತೋರಿಸಿತೆಂದರೆ ಬೀದಿಯ ಅಂಗಡಿಯವರು ತಮ್ಮ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಈ ಮಾತನ್ನು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ, ಅತಿ ಹೆಚ್ಚು ಸಲ ಹೇಳಿದವನು ಮಾತ್ರ ಅವನೇ. ಬಸ್ಸಿಗೆ ಒಂದು ಗೀರು ಬೀಳದಂತೆ ಓಡಿಸಿದವನು ಸ್ವಲ್ಪ ಕೊಚ್ಚಿಕೊಂಡರೆ ಯಾರ ಗಂಟೇನು ಹೋಗುತ್ತದೆ, ಬಿಡಿ.

ಅಂಥವನು ನಿವೃತ್ತಿಗೆ ಮೂರು ವರ್ಷ ಬಾಕಿ ಇರುವಾಗಲೇ ಒಂದು ಮಧ್ಯಾಹ್ನ ಮನೆಗೆ ಬಂದು, ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿ, “ಸಾಕಾಯ್ತು ಕಣೇ, ಬಿಟ್ಟುಬಿಟ್ಟೆ” ಎಂದ. ಯಾಕಪ್ಪಾ ಎಂದು ಮಗಳು ಕೇಳಿದ್ದಕ್ಕೆ, “ಬೇಜಾರಾಯ್ತು” ಎಂದ. ಅದು ಹಸಿ ಸುಳ್ಳು. ವರ್ಷಕ್ಕೊಮ್ಮೆ ನಡೆಯುವ ಕಣ್ಣಿನ ತಪಾಸಣೆಯಲ್ಲಿ ಡಾಕ್ಟರು ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ಹಿಡಿದು, ಒಳಗೆ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದ್ದರು. ಅವನಿಗೆ ಕಂಡದ್ದು ಬರೀ ಚುಕ್ಕೆ. ಕಣ್ಣಿನ ನರ ಸೋತಿದೆ, ಉಳಿದದ್ದೆಲ್ಲ ಕಾಣುತ್ತದೆ, ಕೆಂಪು ಮಾತ್ರ ಹೋಗಿಬಿಟ್ಟಿದೆ, ಇನ್ನು ಬಸ್ಸು ಓಡಿಸುವಂತಿಲ್ಲ ಎಂದರು. ಅವನಿಗೂ ಒಳಗೊಳಗೆ ಅನುಮಾನವಿತ್ತು. ಕೆಲವು ತಿಂಗಳಿಂದ ಕೆಂಪೆಲ್ಲ ಒದ್ದೆ ಮಣ್ಣಿನ ಹಾಗೆ ಕಾಣುತ್ತಿತ್ತು. ಸಿಗ್ನಲ್ಲಿನಲ್ಲಿ ಉರಿಯುತ್ತಿರುವುದು ಮೇಲಿನ ದೀಪವೋ ಕೆಳಗಿನದೋ ಎಂದು ನೋಡಿ ಹೇಗೋ ಸಂಭಾಳಿಸುತ್ತಿದ್ದ.

ಕೆಂಪು ಕಾಣದ ಡ್ರೈವರು ಎಂಬುದು ನಾಲ್ಕು ಜನರ ಕಿವಿಗೆ ಬಿದ್ದರೆ ಇಪ್ಪತ್ತೊಂಬತ್ತು ವರ್ಷದ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲು. ಅವನು ಬಾಯಿಗೆ ಬೀಗ ಹಾಕಿಕೊಂಡ. ಮಗಳಿಗೂ ಹೇಳಲಿಲ್ಲ.

ಮಗಳು ಎರಡು ಬೀದಿ ಆಚೆಯ ಮುದ್ರಣಾಲಯದಲ್ಲಿ ಕ್ಯಾಂಟೀನು ನಡೆಸುತ್ತಾಳೆ. ಅಲ್ಲಿ ಊಟಕ್ಕೆ ಬರುವವರಿಗೆ ನಾಲಿಗೆಗಿಂತ ಕಣ್ಣು ಚುರುಕು. ಅದರಲ್ಲೂ ಶಾಯಿ ಮೇಸ್ತ್ರಿ ಎಂಬ ಹಿರಿಯರಿಗೆ ದಿನವಿಡೀ ಡಬ್ಬಿಗಳಿಂದ ಬಣ್ಣ ತೆಗೆದು ಬೆರೆಸುವುದೇ ಕೆಲಸ. ಹುರಿದ ಆಲೂಗಡ್ಡೆಯ ಮೇಲಿನ ಖಾರದ ಪುಡಿಯನ್ನು ಬೆರಳಲ್ಲಿ ಉಜ್ಜಿ, “ಇದು ಮೆಣಸಿನಕಾಯಲ್ಲಮ್ಮಾ, ಬಣ್ಣ ಹಾಕಿದ ಹೊಟ್ಟು” ಎಂದು ದಿನಾ ಮೂಗು ಮುರಿಯುತ್ತಿದ್ದರು. ಅವಳು ಪ್ಯಾಕೆಟ್ಟು ಬದಲಾಯಿಸಿದರೂ ಮೇಸ್ತ್ರಿಯ ಮೂಗು ಮಾತ್ರ ನೆಟ್ಟಗಾಗಲಿಲ್ಲ. ಅವಳು ಮನೆಗೆ ಬಂದು ಗೊಣಗಿದಾಗ ಗಡಿಯಾರನ ಕಿವಿ ನಿಮಿರಿತು.

“ನಾನು ಬೆಳೆದು, ಒಣಗಿಸಿ ಕೊಡ್ತೀನಿ” ಎಂದ.

“ಅಪ್ಪಾ, ನೀನು ಒಂದು ಗರಿಕೆ ಹುಲ್ಲು ಬೆಳೆಸಿದವನಲ್ಲ.”

“ಬಸ್ಸು ಓಡಿಸೋದು ನಂಗೆ ಹುಟ್ಟುತ್ತಲೇ ಬಂದಿತ್ತಾ?”

ಮಗಳು ನಕ್ಕಳು. “ಸರಿ, ಮಾಡು. ಚೆನ್ನಾಗಿ ಬಂದ್ರೆ ಕ್ಯಾಂಟೀನಿಗೆ ಅದನ್ನೇ ಹಾಕ್ತೀನಿ. ಆದ್ರೆ ಒಂದು ಮಾತು. ಕೆಂಪಗಿರಬೇಕು. ಆ ಮೇಸ್ತ್ರಿ ಮುಂದೆ ನನ್ನ ಮಾನ ಕಳೀಬೇಡ.”

ಪ್ರಪಂಚದಲ್ಲಿ ಏನನ್ನು ಬೇಕಾದರೂ ಕೇಳಬಹುದಿತ್ತು, ಕೆಂಪನ್ನೇ ಕೇಳಿದಳಲ್ಲ ಎಂದು ಅವನಿಗೆ ಕಸಿವಿಸಿಯಾಯಿತು. ಆದರೆ ಆಡಿದ ಮಾತು ನುಂಗುವವನಲ್ಲ. ಮಗಳ ಕಣ್ಣಲ್ಲಿ ತಾನು ಮೂಲೆಗೆ ಬಿದ್ದ ಮುದುಕನಾಗಬಾರದು ಎಂಬುದೊಂದೇ ಅವನ ಹಟ.

ಮೂರು ಅಂತಸ್ತಿನ ಕಟ್ಟಡದ ತಾರಸಿಗೆ ಖಾಲಿ ಪೇಂಟು ಡಬ್ಬಿಗಳು ಏರಿದವು. ಬೇರೆಯವರಾಗಿದ್ದರೆ ಗೋಡೆಗುಂಟ ಇಡುತ್ತಿದ್ದರು. ಇವನು ಎಡಕ್ಕೆರಡು, ಬಲಕ್ಕೆರಡು, ನಡುವೆ ಓಡಾಡಲು ಜಾಗ ಬಿಟ್ಟು ಎಂಟು ಸಾಲು ಮಾಡಿದ. ಒಟ್ಟು ಮೂವತ್ತೆರಡು ಸೀಟು. ಪ್ರತಿ ಡಬ್ಬಿಯಲ್ಲೂ ಮೆಣಸಿನ ಸಸಿ ನೆಟ್ಟು, ಸುಣ್ಣದಲ್ಲಿ ನಂಬರು ಬರೆದ. ಬೆಳಿಗ್ಗೆ ಆರು ಹತ್ತಕ್ಕೆ ನೀರು, ಒಂದು ನಿಮಿಷ ಆಚೆ ಈಚೆ ಇಲ್ಲ. ಬಟ್ಟೆ ಒಣಹಾಕಲು ಬರುವ ಎದುರುಮನೆಯ ಟೈಲರಕ್ಕ, “ಅಣ್ಣಾ, ಟಿಕೆಟ್ ತಗೊಂಡಿದಾವಾ ಎಲ್ಲಾ?” ಎಂದು ಕಾಲೆಳೆಯುತ್ತಿದ್ದಳು. “ಆ ಹನ್ನೊಂದನೇ ಸೀಟಿಂದು ಕಳ್ಳ, ಇನ್ನೂ ಹೂ ಬಿಟ್ಟಿಲ್ಲ” ಎಂದು ಇವನು ಗಂಭೀರವಾಗಿ ಹೇಳುತ್ತಿದ್ದ.

ಕಾಯಿ ಹಣ್ಣಾದದ್ದು ತಿಳಿಯುವುದು ಹೇಗೆ? ಅದಕ್ಕೂ ಉಪಾಯ ಹುಡುಕಿದ. ಬಸ್ಸು ಹೊರಟ, ತಲುಪಿದ ಹೊತ್ತು ಬರೆಯುವ ಹಳೆಯ ಟ್ರಿಪ್ ಶೀಟಿನ ಪುಸ್ತಕವೊಂದು ಮನೆಯಲ್ಲಿತ್ತು. ಹೂ ಉದುರಿ ಕಾಯಿ ಮೂತಿ ಹೊರಹಾಕಿದ ದಿನ ಅದಕ್ಕೊಂದು ದಾರ ಕಟ್ಟಿ, ಏಳನೇ ಸೀಟು, ಮೂರನೇ ಕೊಂಬೆ, ಹತ್ತನೇ ತಾರೀಕು ಹೊರಟಿತು ಎಂದು ಬರೆದ. ಮೊದಲ ಹತ್ತಾರು ಕಾಯಿಗಳನ್ನು ದಿನಾ ಮುಟ್ಟಿ ಮುಟ್ಟಿ ನೋಡಿದ. ಎಳೆಯದು ಗಟ್ಟಿಯಾಗಿ ಗಿಡಕ್ಕೆ ಅಂಟಿಕೊಂಡಿರುತ್ತದೆ. ಹಣ್ಣಾದದ್ದರ ಭುಜ ಸ್ವಲ್ಪ ಮೆತ್ತಗಾಗಿ, ತೊಟ್ಟನ್ನು ಮೇಲಕ್ಕೆ ಬಗ್ಗಿಸಿದರೆ ಟಕ್ಕನೆ ಕೈಗೆ ಬರುತ್ತದೆ. ಅನುಮಾನ ಬಂದರೆ ಟೈಲರಕ್ಕನ ಮುಂದೆ ಹಿಡಿದು, “ಇದು ಹೇಗೆ ಕಾಣುತ್ತೆ ಹೇಳಿ ನೋಡೋಣ” ಎಂದು ಪರೀಕ್ಷೆ ಮಾಡುವವನಂತೆ ಕೇಳುತ್ತಿದ್ದ. “ಕೆಂಪಗಿದೆ, ಇನ್ನು ಹೇಗೆ ಕಾಣಬೇಕು?” ಎಂದರೆ, “ನಿಮಗೂ ಹಾಗೇ ಕಾಣಿಸ್ತಾ, ಸರಿ” ಎಂದು ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಹೊರಟು ಐವತ್ತೈದು ದಿನಕ್ಕೆ ಕಾಯಿ ಊರು ತಲುಪುತ್ತದೆ ಎಂದು ಹೀಗೆ ಲೆಕ್ಕ ಸಿಕ್ಕಿತು.

ಎಡವಿದ್ದು ಒಣಗಿಸುವುದರಲ್ಲಿ. ಡಿಪೋದ ಮೆಕ್ಯಾನಿಕ್ ಸ್ನೇಹಿತನಿಂದ, ಗುಜರಿಗೆ ಹೋಗಲಿದ್ದ ಬಸ್ಸಿನ ನಾಲ್ಕು ಕಿಟಕಿಗಳನ್ನು ಚೌಕಟ್ಟಿನ ಸಮೇತ ತಂದ. ಬೇಸಿಗೆಯಲ್ಲಿ ನಿಂತ ಬಸ್ಸಿನೊಳಗಿನ ಸೆಕೆ ಅವನಿಗೆ ಗೊತ್ತಿಲ್ಲದ್ದೇ? ಕಿಟಕಿಗಳನ್ನು ಸೇರಿಸಿ ದೊಡ್ಡ ಪೆಟ್ಟಿಗೆ ಮಾಡಿದ. ಇಪ್ಪತ್ತೊಂಬತ್ತು ವರ್ಷ ಸೋರುವ ಕಿಟಕಿಗಳ ಬಗ್ಗೆ ಪ್ರಯಾಣಿಕರಿಂದ ಬೈಸಿಕೊಂಡವನು ತಾನೇ, ಒಂದು ಹನಿಯೂ ಒಳಗೆ ಹೋಗದಂತೆ ಸಂದುಗೊಂದಿಗೆಲ್ಲ ರಬ್ಬರು ಒತ್ತಿ ಬಿಗಿದ. ಮೊದಲ ಕೊಯ್ಲಿನ ಎಂಟು ಕಿಲೋ ಕಾಯಿ ಅದರೊಳಗೆ ಹೋಯಿತು. ಏನೋ ಮುಗ್ಗಲು ವಾಸನೆ ಬಂದರೂ ಹೊಸ ರಬ್ಬರಿನದಿರಬೇಕು ಎಂದುಕೊಂಡ. ಆರನೇ ದಿನ ಮಗಳನ್ನು ಕರೆದು, ಎದೆಯುಬ್ಬಿಸಿ ಮುಚ್ಚಳ ತೆಗೆದ.

“ಹೇಗಿದೆ? ಕೆಂಡ ಇದ್ದ ಹಾಗಿಲ್ವಾ?”

ಮಗಳು ಕಾಯಿ ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಉಪ್ಪು ಒಂದು ಕಲ್ಲು ಹೆಚ್ಚಾದರೂ ಮನೆ ಹಾರುವಂತೆ ಜಗಳವಾಡುವವಳು ಮೆಲ್ಲಗೆ, “ಸ್ವಲ್ಪ ಕಪ್ಪಾಗಿದೆ ಅಪ್ಪಾ, ಬೂಜು ಹಿಡಿದಿದೆ. ಪರವಾಗಿಲ್ಲ ಬಿಡು” ಎಂದಳು. ಆ ಮೆಲ್ಲಗಿನ ಮಾತಿಗೇ ಅವನು ಬೆಚ್ಚಿದ. ಗೊತ್ತಾಗಿಬಿಟ್ಟಿತೇ? ಕೇಳುವ ಧೈರ್ಯ ಅವನಿಗಿಲ್ಲ, ಅವಳೂ ಮಾತು ಬೆಳೆಸಲಿಲ್ಲ.

ಅವಳು ಇಳಿದುಹೋದ ಮೇಲೆ ಅವನು ಪೆಚ್ಚುಮೋರೆ ಹಾಕಿಕೊಂಡು ಪೆಟ್ಟಿಗೆಯ ಮುಂದೆ ಕುಳಿತ. ಗಾಜಿನ ಒಳಮೈಯಿಂದ ಸಣ್ಣ ಹನಿಗಳು ಇಳಿಯುತ್ತಿದ್ದವು. ನೋಡುತ್ತ ನೋಡುತ್ತ ತನ್ನ ಹಣೆ ತಾನೇ ಚಚ್ಚಿಕೊಂಡ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಎಪ್ಪತ್ತು ಜನ ಉಸಿರಾಡಿದರೆ ಮುಂದಿನ ಗಾಜು ಮಸುಕಾಗುತ್ತದೆ. ಹೊಸ ಡ್ರೈವರು ಒರೆಸುತ್ತ ಕೂರುತ್ತಾನೆ, ತಿಳಿದವನು ಪಕ್ಕದ ಕಿಟಕಿ ನಾಲ್ಕು ಬೆರಳು ಸರಿಸುತ್ತಾನೆ. ಇದನ್ನು ಎಷ್ಟು ಹೊಸಬರಿಗೆ ಹೇಳಿಕೊಟ್ಟಿದ್ದನೋ! ಕಾಯಿಯೂ ಉಸಿರಾಡುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಅಂದೇ ರಬ್ಬರನ್ನೆಲ್ಲ ಕಿತ್ತು, ಎದುರುಬದುರಿನ ಕಿಟಕಿಗಳನ್ನು ನಾಲ್ಕು ಬೆರಳು ಸರಿಸಿ, ಟೈಲರಕ್ಕ ಕೊಟ್ಟ ಬಲೆಬಟ್ಟೆಯನ್ನು ಸಂದಿಗೆ ಬಿಗಿದ.

ಎರಡನೇ ಕೊಯ್ಲು ಮೂರು ವಾರಕ್ಕೆ ಬಂತು. ಈ ಸಲ ತಾರೀಕೂ ಒಪ್ಪಬೇಕು, ಕೈಯೂ ಒಪ್ಪಬೇಕು. ಒಂದು ಒಪ್ಪದಿದ್ದರೂ ಕಾಯಿ ಗಿಡದಲ್ಲೇ. ಕೊಯ್ದದ್ದನ್ನು ಒಂದು ದಿನ ನೆರಳಲ್ಲಿ ಗೋಣಿಯ ಮೇಲೆ ರಾಶಿಹಾಕಿ, ಆಮೇಲೆ ಒಂದರ ಮೇಲೊಂದು ಬೀಳದಂತೆ ಪೆಟ್ಟಿಗೆಯಲ್ಲಿ ತೆಳ್ಳಗೆ ಹರಡಿದ. ತೊಟ್ಟು ಮುರಿಯಲಿಲ್ಲ. ಅರ್ಧ ಗಂಟೆಗೊಮ್ಮೆ ಮಗುಚಿದ. ಸಂಜೆ ತಂಪು ಇಳಿಯುವ ಮೊದಲೇ ಬುಟ್ಟಿಗೆ ತುಂಬಿ ಒಳಗೊಯ್ದ. ಒಂಬತ್ತನೇ ದಿನ ಒಂದು ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದ. ಒಳಗಿನ ಬೀಜ ಗಿಲಿಗಿಲಿ ಎಂದಿತು. ತೊಟ್ಟು ಮುರಿದರೆ ಚಟ್ಟೆಂದಿತು. ಕಾಯೊಂದನ್ನೂ ಬಿಡದೆ ಅಲ್ಲಾಡಿಸಿ ಕೇಳಿ, ಸದ್ದು ಮಾಡದ್ದನ್ನು ಮತ್ತೆ ಪೆಟ್ಟಿಗೆಯೊಳಗೆ ಹಾಕಿದ. ಇದನ್ನು ನೋಡಿದ ಟೈಲರಕ್ಕ, “ಅಣ್ಣಂಗೆ ಮೆಣಸಿನಕಾಯಿ ಫೋನ್ ಮಾಡ್ತಾ ಇದೆ” ಎಂದು ನಕ್ಕಳು.

ಬುಟ್ಟಿ ನೋಡಿದ ಮಗಳು ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. “ಪುಡಿ ಮಾಡಿಸ್ತೀನಿ. ನಾಳೆ ಊಟದ ಹೊತ್ತಿಗೆ ನೀನೇ ಕ್ಯಾಂಟೀನಿಗೆ ಬಾ” ಎಂದಳು ಅಷ್ಟೆ. ತಾನು ಮಾಡಿದ್ದು ಕೆಂಪೋ ಕಪ್ಪೋ ತನಗೇ ಗೊತ್ತಿಲ್ಲ, ಟೈಲರಕ್ಕನನ್ನು ಇನ್ನೂ ಕೇಳುತ್ತ ಹೋದರೆ ಗುಟ್ಟು ರಟ್ಟಾಗುತ್ತದೆ.

ಮರುದಿನ ಕ್ಯಾಂಟೀನು ತುಂಬಿತ್ತು. ಮುಂಗೈವರೆಗೆ ಬಣ್ಣ ಮೆತ್ತಿಕೊಂಡ ಶಾಯಿ ಮೇಸ್ತ್ರಿ ತಟ್ಟೆಯ ಮುಂದೆ ಕುಳಿತು, ಖಾರದ ಪುಡಿ ನೋಡಿ ಹುಬ್ಬೇರಿಸಿದರು. ಜೇಬಿನಿಂದ ಬಿಳಿ ಕಾಗದದ ಚೂರು ತೆಗೆದು, ಚಿಟಿಕೆ ಪುಡಿಗೆ ಎರಡು ಹನಿ ಎಣ್ಣೆ ಬೆರೆಸಿ, ಹೆಬ್ಬೆರಳಲ್ಲಿ ಉದ್ದಕ್ಕೆ ಎಳೆದರು. ಎದ್ದುಹೋಗಿ ಕಿಟಕಿಯ ಬೆಳಕಿಗೆ ಹಿಡಿದರು. ಗಡಿಯಾರನಿಗೆ ಕಂಡದ್ದು ಕಾಗದದ ಮೇಲೆ ಒಂದು ಗೆರೆ ಒದ್ದೆ ಮಣ್ಣು.

“ಯಾರು ಒಣಗಿಸಿದ್ದು ಇದನ್ನ?”

“ನಮ್ಮಪ್ಪ” ಎಂದಳು ಮಗಳು.

ಮೇಸ್ತ್ರಿ ಅವನ ಕಡೆ ತಿರುಗಿದರು. “ಯಜಮಾನ್ರೇ, ಮೂವತ್ತು ವರ್ಷದಿಂದ ಕೆಂಪು ಬೆರೆಸ್ತಾ ಇದೀನಿ. ಇಂಥಾ ಕೆಂಪು ನನ್ನ ಕೈಗೆ ಬಂದಿಲ್ಲ. ಅರೆಹಣ್ಣು ಒಂದೂ ಸೇರಿಲ್ಲ ಇದ್ರಲ್ಲಿ. ಎಂಥಾ ಕಣ್ಣು ರೀ ನಿಮ್ದು!”

ಊಟ ಮಾಡುತ್ತಿದ್ದವರೆಲ್ಲ ತಲೆಯೆತ್ತಿದರು. ಹೂಂ ಎಂದು ಮೀಸೆ ತಿರುವಿ ಮನೆಗೆ ಬಂದಿದ್ದರೆ ಮುಗಿಯುತ್ತಿತ್ತು. ಗುಟ್ಟು ಗುಟ್ಟಾಗಿಯೇ ಇರುತ್ತಿತ್ತು. ಆದರೆ ಅವನಿಗೆ ತಡೆಯಲಾಗಲಿಲ್ಲ. ದುಡಿದದ್ದು ಕೈ, ಕಿವಿ, ಟ್ರಿಪ್ ಶೀಟು. ಹೊಗಳಿಕೆಯೆಲ್ಲ ಕೈಕೊಟ್ಟ ಕಣ್ಣಿಗೆ ಹೋಗುತ್ತಿದೆ! ಇದೆಂಥ ಅನ್ಯಾಯ ಎಂದು ಅವನ ಮೈ ಉರಿಯಿತು.

“ಕಣ್ಣಲ್ಲ ಸ್ವಾಮೀ” ಎಂದ ಗಟ್ಟಿಯಾಗಿ. “ಕೆಂಪು ಕಾಣಿಸಲ್ಲ ನನಗೆ. ಅದಕ್ಕೇ ಬಸ್ಸಿಂದ ಇಳಿಸಿದ್ರು. ಇದು ದಿನ ಎಣಿಸಿ, ಮುಟ್ಟಿ ನೋಡಿ, ಒಂದೊಂದು ಕಾಯನ್ನೂ ಕಿವಿಗೆ ಹಿಡಿದು ಕೇಳಿ ಮಾಡಿದ್ದು. ಯಾರಾದ್ರೂ ಕಣ್ಣಿರೋರು ಮಾಡಿ ತೋರಿಸ್ಲಿ ನೋಡೋಣ!”

ಹೇಳಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೆ ಕೇಳಿಸಿತು. ಯಾರೂ ನಗಲಿಲ್ಲ. ಮೇಸ್ತ್ರಿ ಕೈಯಲ್ಲಿದ್ದ ಕಾಗದವನ್ನೊಮ್ಮೆ ನೋಡಿ, ಅದನ್ನು ಮಡಚದೆ ಜೋಪಾನವಾಗಿ ಅವನ ಕೈಗೆ ಕೊಟ್ಟರು. ಅವನು ಅಳುಕುತ್ತ ಮಗಳ ಕಡೆ ನೋಡಿದ.

“ಗೊತ್ತಿತ್ತು ಅಪ್ಪಾ” ಎಂದಳು ಅವಳು. “ಆ ಬೂಜು ಹಿಡಿದ ಕಾಯಿನ ಕೆಂಡ ಅಂದ್ಯಲ್ಲ, ಆವತ್ತೇ. ನೀನೇ ಹೇಳ್ಲಿ ಅಂತ ಸುಮ್ಮನಿದ್ದೆ.”

ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. “ನಿಜವಾಗ್ಲೂ ಕೆಂಪಗಿದೆಯೇನೇ?”

“ನಿನ್ನ ಬಸ್ಸಿನ ಹಾಗಿದೆ.”

“ಯಾವ ಬಸ್ಸು? ಆ ಹಳೇ ಮಾಸಲು ಡಬ್ಬಾನಾ?”

“ಅಲ್ಲಪ್ಪಾ, ಹೊಸಾದು. ನಿಂಗೆ ಕೊಟ್ಟ ಮೊದಲನೇ ದಿನ ಶಾಲೆ ತಪ್ಪಿಸಿ ನನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಊರೆಲ್ಲಾ ಸುತ್ತಿಸಿದ್ದೆ ನೋಡು, ಆವತ್ತಿನ ಕೆಂಪು.”

ಆ ಬಸ್ಸು ಅವನಿಗೆ ಚೆನ್ನಾಗಿ ನೆನಪಿತ್ತು. ಎಣ್ಣೆಯ ಆ ಗೆರೆಯನ್ನು ನೋಡುತ್ತಲೇ ಅವನು ಬೆನ್ನು ನೆಟ್ಟಗೆ ಮಾಡಿ ಕುಳಿತ. ಆಮೇಲೆ ಕೈಗಡಿಯಾರ ನೋಡಿ, “ಪೆಟ್ಟಿಗೇಲಿ ಉಳಿದ ಕಾಯಿ ಮಗುಚೋ ಹೊತ್ತಾಯ್ತು” ಎಂದು ಎದ್ದ.