ಕೆಜೆಟಿಯಾದಲ್ಲಿ ಗಿರಣಿ ಬಿಲ್ಲೆಗಳ ಪರೀಕ್ಷೆ

"ನಾಳೆ ಬೆಳಿಗ್ಗೆ ರೇಡಿಯೋದಲ್ಲಿ ನೀವು ಹೇಳ್ಬೇಕಾಗಿರೋದು ಇಷ್ಟೇ," ಅಂದರು ನಮ್ಮ ಡೈರೆಕ್ಟರ್ ಅನ್ಸಾ. "ಸುವಾಮೆಯ ಫೌಂಡ್ರಿಗಳು ಎರಕ ಹೊಯ್ಯೋ ಗಿರಣಿ ಬಿಲ್ಲೆ ಸವೆದು ಹಿಟ್ಟಿಗೆ ಕಬ್ಬಿಣದ ಪುಡಿ ಸೇರ್ತಿದೆ. ಜನ ಅದನ್ನ ತೆಗೆದು ಹೊರದೇಶದ ಬಿಲ್ಲೆ ಹಾಕಿಸ್ಕೊಳ್ಳಲಿ. ಮುಗೀತು."

ಅವರ ಎದುರು ಕುಳಿತಿದ್ದವಳು ಡಾ. ಸೆರ್ವಾ ಬೊಯಾಟೆಂಗ್. ದೇಶದ ಕೈಗಾರಿಕೆಗಳಿಗೆ ನೆರವಾಗಲೆಂದು ಸರ್ಕಾರ ನಡೆಸುವ ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಲೋಹ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ನಾನು ಅದೇ ವಿಭಾಗದವನು, ಅವಳ ಪಕ್ಕದಲ್ಲಿ ಕುಳಿತಿದ್ದೆ. ಹಿಟ್ಟಿನಲ್ಲಿ ಕಬ್ಬಿಣ ಇದೆಯೆಂದು ಕಂಡುಹಿಡಿದವಳೂ ಅವಳೇ. ಹಾಗಾಗಿ ಡೈರೆಕ್ಟರ ಮಾತಿನಲ್ಲಿ ಸುಳ್ಳಿರಲಿಲ್ಲ. ಕಿಟಕಿಯ ಹತ್ತಿರ ಕಾಲಮೇಲೆ ಕಾಲು ಹಾಕಿ ಕುಳಿತಿದ್ದ ಮನುಷ್ಯನಿಂದಾಗಿ ಆ ನಿಜಕ್ಕೆ ಬೇರೆಯೇ ವಾಸನೆ ಬಂದಿತ್ತು. ಅವನ ಹೆಸರು ಲಾರ್ಬಿ. ಹಡಗಿನಲ್ಲಿ ಬಿಲ್ಲೆ ತರಿಸಿ ಮಾರುವ, ರಾಜಧಾನಿ ಅಕ್ರಾದ ವ್ಯಾಪಾರಿ.

"ಇವರ ಬಿಲ್ಲೇನ ನಾವು ಪರೀಕ್ಷೆ ಮಾಡಿದೀವಾ?" ಸೆರ್ವಾ ಕೇಳಿದಳು.

"ನಮ್ದಕ್ಕೆ ಅಲ್ಲೇ ಪರೀಕ್ಷೆ ಆಗಿರುತ್ತೆ ಮೇಡಂ," ಎಂದು ಲಾರ್ಬಿ ನಕ್ಕ.

"ಅಲ್ಲಿ ಯಾರೂ ನಮ್ಮ ಹಾಗೆ ಹಿಟ್ಟು ಬೇಯಿಸಿ ಕೆಂಕೆ ತಿನ್ನಲ್ವಲ್ಲ. ನೆನೆಸಿದ ಮೆಕ್ಕೆಜೋಳ ಅರೆದು ನೋಡಿದಾರಾ?"

ಡೈರೆಕ್ಟರ್ ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಕೆಟ್ಟವರಲ್ಲ. ಸಚಿವಾಲಯದಿಂದ ಫೋನು ಬಂದರೆ ಎದ್ದುನಿಂತು ಮಾತಾಡುವ ಜಾತಿಯವರು. "ಸೆರ್ವಾ ಅವರೇ, ಈ ವರ್ಷದ ಕೆಲಸದಲ್ಲಿ ಅದು ಸೇರಿಲ್ಲ. ರೇಡಿಯೋಗೆ ಹೋಗಿ ಬನ್ನಿ."

ಅವಳು ಹೋದಳು. ಟ್ರೊಟ್ರೊ ವ್ಯಾನುಗಳಿಂದ ಹಿಡಿದು ಕ್ಷೌರದಂಗಡಿಗಳವರೆಗೆ ಊರೆಲ್ಲ ಕೇಳುವ ಬೆಳಗಿನ ಕಾರ್ಯಕ್ರಮ ಅದು. ನಾವು ಲ್ಯಾಬಿನಲ್ಲಿ ರೇಡಿಯೋದ ಸುತ್ತ ನಿಂತಿದ್ದೆವು.

"ಸುವಾಮೆ ಬಿಲ್ಲೆಯಿಂದ ಹಿಟ್ಟಿಗೆ ಕಬ್ಬಿಣ ಬೀಳ್ತಿದೆ, ಇದು ನಿಜ," ಅಂದಳು. "ಹೊರಗಿನಿಂದ ಬರೋ ಬಿಲ್ಲೆಯಿಂದ ಬೀಳುತ್ತೋ ಇಲ್ವೋ ನನಗೆ ಗೊತ್ತಿಲ್ಲ. ಯಾಕಂದ್ರೆ ಅದನ್ನ ಪರೀಕ್ಷೆ ಮಾಡ್ಬೇಡ ಅಂತ ನನಗೆ ಹೇಳಿದಾರೆ. ಮುಂದಿನ ತಿಂಗಳ ಮೊದಲ ಶುಕ್ರವಾರ ಕೆಜೆಟಿಯಾ ಮಾರ್ಕೆಟ್ಟಿನಲ್ಲಿ ನಾನು ಎರಡನ್ನೂ ಪರೀಕ್ಷೆ ಮಾಡ್ತೀನಿ. ನಿಮ್ಮ ಕಣ್ಣೆದುರಿಗೇ. ಬನ್ನಿ."

ಕಾರ್ಯಕ್ರಮ ನಡೆಸುವವನು ತಕ್ಷಣ ಹಾಡು ಹಾಕಿಬಿಟ್ಟ.

ಅವಳು ವಾಪಸು ಬರುವಷ್ಟರಲ್ಲಿ ಡೈರೆಕ್ಟರ್ ಮೆಟ್ಟಿಲ ಮೇಲೆಯೇ ಕಾಯುತ್ತಿದ್ದರು. "ಸಂಸ್ಥೆಯ ವ್ಯಾನು, ಉಪಕರಣ, ಹೆಸರು, ಯಾವುದನ್ನೂ ಮುಟ್ಟೋ ಹಾಗಿಲ್ಲ!"

"ಆಯ್ತು ಸರ್. ಆಯಸ್ಕಾಂತ ಕೊಂಡ್ಕೋತೀನಿ. ಹೆಸರು ಹೇಗೂ ನಮ್ಮಪ್ಪ ಇಟ್ಟಿದ್ದೇ ಇದೆ."

ಆದರೆ ದೊಡ್ಡ ಗಲಾಟೆ ಕಾದಿದ್ದು ಊರಿನ ಎರಕದವರ ಕೇರಿಯಾದ ಸುವಾಮೆಯಲ್ಲಿ. ಅಲ್ಲಿಯ ಎರಕದವರಲ್ಲೆಲ್ಲ ಹಿರಿಯ ತ್ವುಮಾಸಿ. ಊರಿಗೆಲ್ಲ ಅವನು ವೊಫಾ, ಅಂದರೆ ಸೋದರಮಾವ. ಸಂಜೆ ನಾವಿಬ್ಬರೂ ಅವನ ಫೌಂಡ್ರಿಯ ಬಾಗಿಲಿಗೆ ಹೋದಾಗ ಅವನು ಕೈಯಲ್ಲಿದ್ದ ಸಲಿಕೆಯನ್ನು ನೆಲಕ್ಕೆ ಕುಕ್ಕಿದ.

"ಏನಮ್ಮಾ, ಊರೆಲ್ಲ ಕೇಳೋ ಹಾಗೆ ನನ್ನ ಕಬ್ಬಿಣ ಹೊಲಸು ಅಂದ್ಬಿಟ್ಟು, ಈಗ ಮುಖ ತೋರಿಸೋಕೆ ಬಂದ್ಯಾ?"

"ಹೊಲಸೇ, ವೊಫಾ. ಹೌದು ಅಂದಿದೀನಿ, ಈಗಲೂ ಅಂತೀನಿ."

"ನನ್ನ ಬಾಗಿಲಲ್ಲೇ ನಿಂತ್ಕೊಂಡು!"

"ನಿಮ್ಮ ಬಾಗಿಲಲ್ಲೇ. ಇನ್ನೊಂದು ತಿಂಗಳಿಗೆ ಆ ಲಾರ್ಬಿ ಇದಕ್ಕೆ ಬೀಗ ಹಾಕಿಸ್ತಾನೆ. ನನ್ನನ್ನ ಹೊರಗೆ ದಬ್ತೀರೋ, ಒಲೆ ಹಚ್ತೀರೋ, ಹೇಳಿ."

ವೊಫಾ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಬಾಯಿ ಜೋರಾಗಿದೆ ನಿಂದು," ಅಂದ. ಆಮೇಲೆ ಒಳಗೆ ತಿರುಗಿ ಇದ್ದಿಲು ತರಲು ಕೂಗಿದ.

ಸೆರ್ವಾಳ ಯೋಚನೆ ಸರಳವಾಗಿತ್ತು. ಅಲ್ಲಿ ಹಳೆಯ ಲಾರಿ ಎಂಜಿನ್ನುಗಳನ್ನು ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುತ್ತಿದ್ದರು. ಮರಳಿನಲ್ಲಿ ಎರಕ ನಿಧಾನ ಆರುವುದರಿಂದ ಬಿಲ್ಲೆ ಮೆತ್ತಗಾಗಿ ಬೇಗ ಸವೆಯುತ್ತಿತ್ತು. ಜೋಳ ಅರೆಯುವ ಮುಖದ ಕಡೆ ಮರಳಿನ ಬದಲು ದಪ್ಪ ಕಬ್ಬಿಣದ ಹಲಗೆ ಇಟ್ಟರೆ ಆ ಮುಖ ಥಟ್ಟನೆ ಆರಿ ಗಟ್ಟಿಯಾಗುತ್ತದೆ. ಕಾಗದದ ಮೇಲೆ ಇದು ಚೆನ್ನಾಗಿಯೇ ಇತ್ತು. ಮೊದಲ ಬಿಲ್ಲೆ ಅಚ್ಚಿನಿಂದ ತೆಗೆಯುವಾಗಲೇ ಎರಡು ಹೋಳಾಯಿತು. ಎರಡನೆಯದು ತಣ್ಣಗಾದ ಮೇಲೆ, ಯಾರೂ ಮುಟ್ಟದೆ, ತಾನೇ ಟಣ್ ಎಂದು ಸೀಳಿತು. ಆ ವಾರವೆಲ್ಲ ಹೀಗೇ ಆಯಿತು.

"ನಿನ್ನ ಓದಿಗೆ ನನ್ನ ಇದ್ದಿಲು ಸಾಲಲ್ಲ ತಾಯಿ," ಎಂದು ವೊಫಾ ರೇಗಿಸುತ್ತಿದ್ದ.

ಹಲಗೆಯನ್ನು ಮೊದಲೇ ಬಿಸಿಮಾಡಿ ನೋಡೋಣ ಎಂದು ಸೆರ್ವಾ ಹೇಳಿದಳು. ಹೊಯ್ದ ಬಿಲ್ಲೆಯನ್ನು ರಾತ್ರಿಯೆಲ್ಲ ಬೂದಿಯಲ್ಲಿ ಹೂತಿಡೋಣ ಎಂದ ವೊಫಾ. ಎರಡೂ ಸೇರಿದಾಗ ಬಿಲ್ಲೆ ಒಡೆಯದೆ ನಿಂತಿತು. ಅರದಿಂದ ಉಜ್ಜಿದರೆ ಅರವೇ ಜಾರಿತು. ಅವತ್ತು ಎಲ್ಲರೂ ಕೆಂಕೆ, ಕರಿದ ಮೀನು, ಖಾರದ ಶಿಟೊ ಚಟ್ನಿ ತರಿಸಿ ನೆಲದ ಮೇಲೆ ಕುಳಿತು ತಿಂದೆವು.

"ಈ ಕೆಂಕೆಯಲ್ಲೂ ನನ್ನ ಕಬ್ಬಿಣ ಇದೆಯಾ?" ವೊಫಾ ಕೇಳಿದ.

"ಇದೆ. ತಿನ್ನಿ," ಅಂದಳು ಸೆರ್ವಾ.

ರೇಡಿಯೋದಲ್ಲಿ ಹೇಳಿದ್ದ ಶುಕ್ರವಾರ ಕೆಜೆಟಿಯಾದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೋಳ ಮಾರುವ ಹೆಂಗಸರ ಮುಖ್ಯಸ್ಥೆ, ಎಲ್ಲರೂ ಸಂತೆಯ ರಾಣಿ ಎಂದು ಕರೆಯುವ ಮಾಮೆ ಪೊಕುವಾ, ತನ್ನ ಮೂರು ಗಿರಣಿಗಳನ್ನು ಬಿಟ್ಟುಕೊಟ್ಟಿದ್ದಳು. ಒಂದಕ್ಕೆ ಸುವಾಮೆಯ ಹಳೆ ಮಾದರಿಯ ಬಿಲ್ಲೆ, ಒಂದಕ್ಕೆ ಲಾರ್ಬಿಯ ಅಂಗಡಿಯಿಂದಲೇ ಕೊಂಡು ತಂದ ಬಿಲ್ಲೆ, ಮೂರನೆಯದಕ್ಕೆ ನಮ್ಮ ಹೊಸ ಬಿಲ್ಲೆ. ಮೂರಕ್ಕೂ ಒಂದೇ ಮೂಟೆಯಿಂದ ನೆನೆಸಿದ ಜೋಳ. ಲಾರ್ಬಿ ತನ್ನ ಕಾರಿನ ಪಕ್ಕ ನಿಂತು ನೋಡುತ್ತಿದ್ದ. ಡೈರೆಕ್ಟರ್ ಬರಲಿಲ್ಲ.

ಅರೆದ ಹಿಟ್ಟನ್ನು ಬಿಳಿ ಬೋಗುಣಿಗಳಲ್ಲಿ ನೀರಿಗೆ ಕದಡಿ, ಸೆರ್ವಾ ಆಯಸ್ಕಾಂತವನ್ನು ಮುಳುಗಿಸಿ ತಿರುವಿದಳು. ಹಳೆಯ ಬಿಲ್ಲೆಯ ಹಿಟ್ಟಿನಿಂದ ಅದು ಕಪ್ಪು ಗಡ್ಡ ಬೆಳೆಸಿಕೊಂಡು ಮೇಲೆ ಬಂತು. ಹೆಂಗಸರು "ಅಯ್ಯೋ!" ಎಂದು ಬಾಯಿಗೆ ಕೈ ಒತ್ತಿದರು. ವೊಫಾ ತಲೆ ತಗ್ಗಿಸಲಿಲ್ಲ, ಗಟ್ಟಿಯಾಗಿ ನಿಂತಿದ್ದ.

ಆಯಸ್ಕಾಂತ ಒರೆಸಿ ಲಾರ್ಬಿಯ ಬೋಗುಣಿಗೆ ಇಳಿಸಿದಳು. ಗಡ್ಡ ಸ್ವಲ್ಪ ಚಿಕ್ಕದು, ಆದರೂ ಗಡ್ಡವೇ.

"ಹಡಗಿನಲ್ಲಿ ಬಂದ ಕಬ್ಬಿಣವೂ ಕಬ್ಬಿಣವೇ ಕಣ್ರೇ!" ಎಂದು ಯಾರೋ ಕೂಗಿದರು. ನಗೆ ಎದ್ದಿತು. ಲಾರ್ಬಿ ಮುಂದೆ ನುಗ್ಗಿ ಬಂದ.

"ಇದೆಲ್ಲ ಬೀದಿ ನಾಟಕ! ನೀವು ಸರ್ಕಾರಿ ನೌಕರರು, ನೆನಪಿರಲಿ."

"ನೆನಪಿದೆ. ಸರ್ಕಾರ ಅಂದ್ರೆ ಇವರೇ ತಾನೇ?" ಎಂದು ಸೆರ್ವಾ ಗುಂಪಿನತ್ತ ಕೈ ತೋರಿದಳು. "ಬನ್ನಿ, ನೀವೇ ಹಿಡೀರಿ ಆಯಸ್ಕಾಂತ."

ಅವನು ಹಿಡಿಯಲಿಲ್ಲ.

ಮೂರನೆಯ ಬೋಗುಣಿಯಿಂದ ಆಯಸ್ಕಾಂತ ಮೇಲೆ ಬಂದಾಗ ದೂರದವರಿಗೆ ಅದು ಬರಿದಾಗಿ ಕಂಡಿತು. ಸುವಾಮೆಯವರು ಕುಣಿದಾಡಿಬಿಟ್ಟರು. ವೊಫಾ ಎರಡೂ ಕೈ ಎತ್ತಿ, "ಏನೂ ಇಲ್ಲ! ನೋಡ್ರೋ, ಒಂದು ಚೂರೂ ಇಲ್ಲ!" ಎಂದು ಕೂಗಿದ.

"ಇದೆ," ಅಂದಳು ಸೆರ್ವಾ.

ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅವಳು ಜೋಳದ ಮೂಟೆಯ ಮೇಲೆ ಹತ್ತಿ ನಿಂತಳು. "ಇದೆ! ಸ್ವಲ್ಪ, ಆದ್ರೆ ಇದೆ. ಹತ್ತಿರ ಬಂದು ನೋಡಿ. ಬಿಲ್ಲೆ ಹೊಸದಾಗಿ ಹಾಕಿದಾಗ ಮೊದಲ ಹಿಟ್ಟು ಚೆಲ್ಬೇಕು. ಜೋಳ ಹಾಕದೆ ಗಿರಣಿ ಓಡಿಸ್ಬಾರ್ದು. ಇದನ್ನ ಇನ್ನೂ ಸರಿ ಮಾಡ್ಬೇಕು."

ವೊಫಾ ಹಲ್ಲು ಕಚ್ಚಿ, "ಗೆದ್ದಿದ್ವಲ್ಲ ತಾಯೀ, ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು?" ಎಂದ.

"ನಾನು ಬಾಯಿ ಮುಚ್ಕೊಳ್ಳೋ ಹಾಗಿದ್ರೆ ಮೊದಲೇ ರೇಡಿಯೋದಲ್ಲೇ ಮುಚ್ಕೋತಿದ್ದೆ."

ಮಾಮೆ ಪೊಕುವಾ ನಿಧಾನವಾಗಿ ಎದ್ದು ಬಂದು, ಆಯಸ್ಕಾಂತವನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಅದರ ಮೇಲಿನ ತೆಳು ಬೂದು ಧೂಳನ್ನು ಉಜ್ಜಿ ನೋಡಿದಳು. "ನನ್ನ ಗಿರಣಿಗಳಿಗೆಲ್ಲ ಈ ಮೂರನೇದು ಹಾಕಿ," ಅಂದಳು. "ಸರಿ ಮಾಡಿದ ಮೇಲೆ ಅದನ್ನೂ ತಂದು ತೋರ್ಸು ಮಗಳೇ."

ಸೋಮವಾರ ಸೆರ್ವಾಳಿಗೆ ವರ್ಗದ ಆದೇಶ ಬಂತು. ಲ್ಯಾಬು ಬಿಟ್ಟು ಅಕ್ರಾದ ಕಚೇರಿಯ ಗ್ರಂಥಾಲಯಕ್ಕೆ. ಅವಳು ಅದನ್ನು ಓದಿ, ಮಡಚಿ, ಚಹಾದ ಲೋಟ ಅದರ ಮೇಲಿಟ್ಟಳು. "ಹೋಗಲ್ಲ, ಬಾದು," ಅಂದಳು ನನಗೆ. ಕಣ್ಣು ಕೆಂಪಾಗಿತ್ತು. "ಕೆಲಸದಿಂದ ತೆಗೀಲಿ ಬೇಕಾದ್ರೆ. ಪುಸ್ತಕದ ಧೂಳು ಹೊಡೆಯೋಕೆ ಹೋಗಲ್ಲ."

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಸದ್ದು. ತಲೆಯ ಮೇಲೆ ಹಿಟ್ಟಿನ ಬೋಗುಣಿ ಹೊತ್ತ ಹೆಂಗಸರು ಸಾಲಾಗಿ ಬರುತ್ತಿದ್ದರು, ಮುಂದೆ ಮಾಮೆ ಪೊಕುವಾ. ಕಾವಲಿನವನು ಏನು ವಿಷಯ ಎಂದು ಕೇಳಿದ.

"ಪರೀಕ್ಷೆ ಮಾಡಿಸ್ಬೇಕು. ಇದು ನಮ್ಮ ದೇಶದ ಸಂಸ್ಥೆ ಅಲ್ವೇನಪ್ಪಾ? ಬೋರ್ಡ್ ಮೇಲೆ ಹಾಗಂತ ಬರ್ದಿದೆಯಂತೆ."

ಡೈರೆಕ್ಟರ್ ಹೊರಗೆ ಬಂದು, ಡಾಕ್ಟರ್ ವರ್ಗವಾಗಿದ್ದಾರೆ, ಬೇರೆಯವರು ಮಾಡಿಕೊಡುತ್ತಾರೆ ಎಂದರು.

"ಅವಳೇ ಆಗ್ಬೇಕು. ನಾವು ಕಾಯ್ತೀವಿ." ಮಾಮೆ ಪೊಕುವಾ ಹುಲ್ಲಿನ ಮೇಲೆ ಬಟ್ಟೆ ಹಾಸಿ ಕುಳಿತಳು. ಉಳಿದವರೂ ಕುಳಿತರು. ಆ ಇಡೀ ವಾರ ಅವರು ಹೀಗೆ ಬಂದು ಕುಳಿತರು. ಅಲ್ಲೇ ಜೋಳ ಬಿಡಿಸಿದರು, ಅಲ್ಲೇ ಮಾರಿದರು, ಡೈರೆಕ್ಟರ ಕಾರು ಹೋಗಿ ಬರುವಾಗಲೆಲ್ಲ ಕೊಳ್ಳುವಂತೆ ಕರೆದರು. ಕೊನೆಗೆ ಸಚಿವಾಲಯದಿಂದ ಫೋನು ಬಂದಾಗ ಅನ್ಸಾ ಎಂದಿನಂತೆ ಎದ್ದುನಿಂತರು. ಆದರೆ ನಾವು ಮೊದಲ ಸಲ ಅವರ ದನಿ ಏರಿದ್ದನ್ನು ಕೇಳಿದೆವು: "ಸರ್, ಇಲ್ಲಿಗೆ ಬಂದು ನೀವೇ ಅವರಿಗೆ ಹೇಳಿ! ನನ್ನ ಕೈಲಾಗಲ್ಲ!"

ಯಾರೂ ಬಂದು ಹೇಳಲಿಲ್ಲ. ಆದೇಶವನ್ನು ರದ್ದು ಮಾಡಿದೆವು ಎಂದೂ ಯಾರೂ ಹೇಳಲಿಲ್ಲ. ಸೆರ್ವಾ ಪ್ರತಿದಿನ ಬಂದು ತನ್ನ ಬೀಗದ ಕೈಯಿಂದ ಲ್ಯಾಬಿನ ಬಾಗಿಲು ತೆರೆಯುತ್ತಿದ್ದಳು, ಅಷ್ಟೇ.

ಮಳೆಗಾಲ ಶುರುವಾಗುವ ಹೊತ್ತಿಗೆ ಲಾರ್ಬಿ ಲ್ಯಾಬಿಗೆ ಬಂದ. ಕೈಯಲ್ಲಿ ಕಾಗದ ಸುತ್ತಿದ ಭಾರದ ಬಿಲ್ಲೆ. ಎದುರಿಗೆ ಸೆರ್ವಾ ಮತ್ತು ವೊಫಾ ಬೂದಿ ಎಷ್ಟು ಬಿಸಿಯಿರಬೇಕು ಎಂದು ಜಗಳವಾಡುತ್ತಿದ್ದರು.

"ಮೇಡಂ, ಇದು ಬೇರೆ ಕಡೆಯಿಂದ ತರಿಸಿದ್ದು. ಮಾರೋಕೆ ಮುಂಚೆ ನೋಡಿ ಹೇಳಿದ್ರೆ..."

ಸೆರ್ವಾ ತಲೆ ಎತ್ತಲಿಲ್ಲ. ಬಾಗಿಲ ಬಳಿ ಬೋಗುಣಿ ಹಿಡಿದು ಕುಳಿತಿದ್ದ ಹೆಂಗಸರ ಕಡೆಗೆ ಬೆರಳು ತೋರಿದಳು.

"ಅವರ ಹಿಂದೆ ನಿಂತ್ಕೊಳ್ಳಿ."