ಮೇಲಿನ ನಟ್ಟು ಮೊದಲು

ಪಿಕಪ್ ಹೊಳೆ ದಾಟಿ ಏರು ಹತ್ತುವಾಗ ಹಿಂದಿನಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ವೇಗ ಹೆಚ್ಚಿದರೆ ಸದ್ದೂ ಏರುತ್ತಿತ್ತು, ಕಾಲು ತೆಗೆದರೆ ದನಿ ಬದಲಾಗುತ್ತಿತ್ತು. ಬಾಗಿಲು ಹಾಕಿಕೊಂಡು ಯಾರೋ ಹಲ್ಲು ಕಚ್ಚಿ ಅಳುತ್ತಿರುವ ಹಾಗೆ.

"ರೀ, ಇವತ್ತಾದ್ರೂ ಕೇಳಿಸ್ತಾ?"

"ಏನು?"

"ಅದೇ, ಹಿಂದಿನಿಂದ."

"ಟೈರ್ ಸದ್ದು ಕಣೇ. ಕಲ್ಲು ದಾರೀಲಿ ಟೈರು ಸುಮ್ನಿರುತ್ತಾ?" ಎಂದು ಗಂಡ ಗೇರು ಬದಲಾಯಿಸಿದ. "ನಿನ್ನಂಥ ಗಾಬರಿ ಪೆಟ್ಟಿಗೇನ ಪಕ್ಕದಲ್ಲಿ ಕೂರಿಸ್ಕೊಂಡ್ರೆ ಗಾಡೀಲಿ ದಿನಕ್ಕೊಂದು ರೋಗ."

ಗಾಬರಿ ಪೆಟ್ಟಿಗೆ ಎನ್ನುವುದು ಮದುವೆಯಾದ ವರ್ಷವೇ ಅವಳಿಗೆ ಬಿದ್ದ ಹೆಸರು. ಒಲೆ ಆರಿಸಿದ್ದೇನಾ ಎಂದು ಎರಡು ಸಲ ನೋಡುವವಳು ಅವಳು. ಇಷ್ಟು ವರ್ಷಗಳಲ್ಲಿ ಅವಳು ಒಂದು ಅಭ್ಯಾಸ ಮಾಡಿಕೊಂಡಿದ್ದಳು: ಹತ್ತು ಭಯ ಹುಟ್ಟಿದರೆ ಒಂಬತ್ತನ್ನು ನುಂಗಿ ಒಂದನ್ನು ಮಾತ್ರ ಬಾಯಿಬಿಟ್ಟು ಹೇಳುವುದು. ಆ ಒಂದಕ್ಕೂ ಎದುರಿನವರು ನಕ್ಕರೆ, ಅವಳಿಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬರುತ್ತಿತ್ತು.

ಆದರೆ ಈ ಸಲದ ಭಯ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಳಿಯ ಕೆಲಸದ ಮೇಲೆ ದೂರದಲ್ಲಿದ್ದ. ತುಂಬು ಗರ್ಭಿಣಿ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಡಾಕ್ಟರು ಕೊಟ್ಟ ದಿನಕ್ಕೆ ಇನ್ನು ಹನ್ನೆರಡೇ ದಿನ. ಮನೆ ಇರುವುದು ಇಟ್ಟಿಗೆ ಗೂಡಿನ ಮೇಲಿನ ಗುಡ್ಡದಲ್ಲಿ. ಆಂಬುಲೆನ್ಸ್ ಹೊಳೆಯ ಆಚೆಯ ಟಾರು ರಸ್ತೆಯವರೆಗೆ ಮಾತ್ರ ಬರುತ್ತದೆ. ಅಲ್ಲಿಯತನಕ ಬಸುರಿಯನ್ನು ಇಳಿಸಲು, ಇಂಜಿನ್ನೇ ನಾಲ್ಕೂ ಚಕ್ರ ತಿರುಗಿಸುವ ಆ ಪಿಕಪ್ ಒಂದೇ ಗತಿ.

ಮಾರನೆಯ ದಿನ ಡಿಪೋ ಅಕ್ಕ ಕೆಲಸದ ಪ್ಯಾಂಟಿನ ಹರಿದ ಜೇಬು ಹೊಲಿಸಿಕೊಳ್ಳಲು ಬಂದಳು. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಗಾಡಿಗಳ ಕೆಳಗೆ ಮಲಗಿ ನಿವೃತ್ತಿಯಾದವಳು. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಇವಳು ಯಂತ್ರಕ್ಕೆ ದಾರ ಪೋಣಿಸುತ್ತಾ, ಅಕ್ಕನೂ ನಗುತ್ತಾಳೇನೋ ಎಂಬ ಅಳುಕಿನಲ್ಲೇ ಸದ್ದಿನ ವಿಷಯ ಹೇಳಿದಳು. ಅಕ್ಕ ನಗಲಿಲ್ಲ.

"ಆಯಿಲ್ ಯಾವಾಗ ಬದಲಾಯಿಸಿದ್ದು?"

"ಹೋದ ತಿಂಗಳು ತಾನೇ ಆಯಿಲ್ ಆಯ್ತು ಅಂದ್ರು."

"ಯಾವ ಆಯಿಲ್?"

"ಆಯಿಲ್ ಅಂದ್ರೆ ಆಯಿಲ್ ಅಲ್ವಾ ಅಕ್ಕ?"

"ಅಲ್ಲೇ ಎಲ್ಲರೂ ಎಡವೋದು. ಇಂಜಿನ್ನಿಗೆ ಒಂದು ಆಯಿಲ್. ಗೇರ್‌ಬಾಕ್ಸಿಗೆ ಒಂದು. ಹಿಂದಿನ ಎರಡು ಚಕ್ರದ ಮಧ್ಯೆ ಕುಂಬಳಕಾಯಿ ಹಾಗೆ ಉಬ್ಬಿದೆಯಲ್ಲ, ಅದು ಡಿಫರೆನ್ಶಿಯಲ್, ಅದಕ್ಕೊಂದು. ಮುಂದಿನ ಚಕ್ರದ ನಡುವೇನೂ ಅಂಥದ್ದೇ ಇದೆ, ಅದಕ್ಕೊಂದು. ಇಂಜಿನ್ ಶಕ್ತೀನ ಮುಂದಕ್ಕೂ ಹಿಂದಕ್ಕೂ ಹಂಚೋ ಪೆಟ್ಟಿಗೆ ಟ್ರಾನ್ಸ್‌ಫರ್ ಕೇಸ್, ಅದಕ್ಕೊಂದು. ಒಟ್ಟು ಐದು ಹೊಟ್ಟೆ. ನಿನ್ನ ಗಂಡ ಒಂದು ಹೊಟ್ಟೆಗೆ ಊಟ ಹಾಕಿ ಐದೂ ತುಂಬಿತು ಅಂತಿದ್ದಾನೆ."

"ಹಾಕದಿದ್ರೆ ಏನಾಗುತ್ತೆ?"

"ದಿನಾ ಹೊಳೆ ನೀರಲ್ಲಿ ಇಳೀತೀರಿ. ಬಿಸಿ ಡಿಫರೆನ್ಶಿಯಲ್ ತಣ್ಣೀರಲ್ಲಿ ಮುಳುಗಿದರೆ, ಅಂಚಿನ ರಬ್ಬರ್ ಸೀಲು ಹಳೇದಾಗಿದ್ರೆ, ಒಳಗೆ ನೀರು ಎಳ್ಕೊಳ್ಳುತ್ತೆ. ಆಯಿಲ್ ಕೆಟ್ಟರೆ ಹಲ್ಲಿಗೆ ಹಲ್ಲು ತಿಕ್ಕುತ್ತೆ. ಮೊದಲು ಗುಂಯ್ ಅನ್ನುತ್ತೆ. ಆಮೇಲೆ ಒಂದಿನ ದಾರಿ ಮಧ್ಯೆ ಚಕ್ರ ಕಚ್ಕೊಂಡು ನಿಂತುಬಿಡುತ್ತೆ." ಅಕ್ಕ ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟಳು. "ಇದಕ್ಕೆ ತಲೆಗೆ ಹಚ್ಚೋ ಎಣ್ಣೆ ಬಿಡ್ತೀಯಾ?"

"ಅಯ್ಯೋ, ಅಂಟಾಗಿ ಕಚ್ಕೊಂಡುಬಿಡುತ್ತೆ."

"ಹಾಗೇ ಅದೂ. ಯಾವ ಹೊಟ್ಟೆಗೆ ಯಾವ ಆಯಿಲ್ ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರ್ತಾರೆ. ಭಾನುವಾರ ಮಧ್ಯಾಹ್ನ ನಾನೇ ಬರ್ತೀನಿ. ಅಲ್ಲಿಯವರೆಗೆ ಮುಟ್ಟಬೇಡ ಅನ್ನು."

ಸಂಜೆ ಗಂಡ ಎಲ್ಲವನ್ನೂ ಕೇಳಿ ಮೀಸೆಯಲ್ಲೇ ನಕ್ಕ. "ಹದಿನೆಂಟು ವರ್ಷದಿಂದ ಓಡಿಸ್ತಿದೀನಿ. ಈಗ ಹೊಲಿಗೆ ಯಂತ್ರ ನನಗೆ ಪಾಠ ಹೇಳಬೇಕಾ?"

"ನಾನು ಗಾಬರಿ ಪೆಟ್ಟಿಗೆ, ಒಪ್ಪಿದೆ. ಗಾಡಿ ಕೆಳಗಿರೋ ಪೆಟ್ಟಿಗೇಲಿ ಏನಿದೆ ಅಂತ ಒಂದ್ಸಲ ನೋಡಿಬಿಡಿ. ನಾಳೆ ಮಗಳನ್ನ ಕೂರಿಸ್ಕೊಂಡು ಹೋಗೋರು ನೀವು."

ಮಗಳ ಮಾತು ಬಂದಾಗ ಅವನು ಗಾಡಿಯ ಕೀಲಿ ಕೈಗೆತ್ತಿಕೊಂಡ. ಪೇಟೆಗೆ ಹೋದವನು ಒಂದು ದೊಡ್ಡ ಡಬ್ಬಿ ಗೇರ್ ಆಯಿಲ್ ತಂದ. ಆದರೆ ಅಕ್ಕನಿಗಾಗಿ ಕಾಯುವಷ್ಟು ವ್ಯವಧಾನ ಅವನಿಗಿರಲಿಲ್ಲ. ಒಬ್ಬ ಹೆಂಗಸು ತನ್ನ ಗಾಡಿಯ ಕೆಳಗೆ ಮಲಗುವುದನ್ನು ಇಟ್ಟಿಗೆ ಗೂಡಿನ ಕೆಲಸದವರು ನೋಡುವುದೂ ಅವನಿಗೆ ಬೇಕಿರಲಿಲ್ಲ. ಭಾನುವಾರ ಬೆಳಿಗ್ಗೆಯೇ ಅಂಗಳದಲ್ಲಿ ಪಿಕಪ್ ನಿಲ್ಲಿಸಿ, ಕೆಳಗೆ ತೂರಿ, ಹಿಂದಿನ ಡಿಫರೆನ್ಶಿಯಲ್ಲಿನ ಕೆಳಗಿನ ನಟ್ಟು ಬಿಚ್ಚಿದ. ಆಯಿಲ್ ಬಳಬಳ ಇಳಿಯಿತು. ಅವಳು ಬಗ್ಗಿ ನೋಡಿದಳು. ಕಪ್ಪಗಿರಲಿಲ್ಲ, ತಿಳಿಯಾಗಿಯೂ ಇರಲಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣ.

"ನೀರು ಸೇರಿದೆ," ಎಂದ ಅವನು, ಸಣ್ಣ ದನಿಯಲ್ಲಿ.

ಕೆಳಗಿನ ನಟ್ಟು ಹಾಕಿ ಬಿಗಿದ. ಹೊಸ ಆಯಿಲ್ ಹಾಕಬೇಕಾದದ್ದು ಮೇಲಿನ ನಟ್ಟಿನ ತೂತಿನಿಂದ. ಅದಕ್ಕೆ ಸ್ಪ್ಯಾನರ್ ಹಾಕಿ ಎಳೆದ. ಅಲುಗಲಿಲ್ಲ. ಕಾಲು ಕೊಟ್ಟು ಎಳೆದ. ಸ್ಪ್ಯಾನರ್ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಹೋಯಿತು. ವರ್ಷಗಟ್ಟಲೆ ಕೆಸರು, ನೀರು ಕುಡಿದು ತುಕ್ಕು ಹಿಡಿದ ನಟ್ಟು. ನಾಲ್ಕನೆಯ ಸಲಕ್ಕೆ ಅದರ ಮೂಲೆಗಳೆಲ್ಲ ಸವೆದು ಗುಂಡಗಾದವು. ಈಗ ಹಳೆಯ ಆಯಿಲ್ ನೆಲದ ಪಾತ್ರೆಯಲ್ಲಿತ್ತು, ಹೊಸದು ಡಬ್ಬಿಯಲ್ಲಿತ್ತು, ಗಾಡಿಯ ಹೊಟ್ಟೆ ಖಾಲಿ.

"ಅಮ್ಮಾ," ಎಂದು ಒಳಗಿನಿಂದ ಮಗಳು ಕರೆದಳು.

ಅವಳು ಓಡಿದಳು. ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತುಟಿ ಬಿಳುಚಿತ್ತು. "ಬೆಳಿಗ್ಗೆಯಿಂದ ಬಂದು ಬಂದು ಹೋಗ್ತಿದೆ. ಸುಮ್ನೆ ನೋವು ಅಂದ್ಕೊಂಡೆ. ಈಗ ತಡ್ಕೊಳ್ಳೋಕಾಗ್ತಿಲ್ಲ."

ನೀನೂ ನನ್ನ ಹಾಗೆ ನುಂಗಲು ಕಲಿತೆಯಾ ಎಂದು ಅವಳಿಗೆ ಅನ್ನಿಸಿತು. ಹೇಳಲಿಲ್ಲ. ಗೋಡೆ ಗಡಿಯಾರ ನೋಡಿದಳು. ಮುಂದಿನ ನೋವು ಬಂದದ್ದು ಹನ್ನೊಂದು ನಿಮಿಷಕ್ಕೆ. ಆಂಬುಲೆನ್ಸಿಗೆ ಫೋನ್ ಮಾಡಿದಳು. ಟಾರು ರಸ್ತೆಗೆ ಬರುತ್ತೇವೆ, ಕರೆದುಕೊಂಡು ಬನ್ನಿ ಎಂದರು. ಎರಡನೆಯ ಫೋನ್ ಡಿಪೋ ಅಕ್ಕನಿಗೆ. ದನಿ ನಡುಗಲಿಲ್ಲ, ಅದು ಅವಳಿಗೇ ಆಶ್ಚರ್ಯ.

ಅಕ್ಕ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು, ಹೆಗಲಿಗೆ ಉಪಕರಣದ ಚೀಲ. ಚಕ್ರಗಳಿಗೆ ಕಲ್ಲು ಕೊಟ್ಟಿದೆಯೇ ಎಂದು ಮೊದಲು ನೋಡಿದಳು, ಆಮೇಲೆ ಕೆಳಗೆ ತೂರಿದಳು.

"ಮೂಲೆಗಳನ್ನೆಲ್ಲ ತಿಂದು ಮುಗಿಸಿದೀಯಲ್ಲ ತಮ್ಮಾ. ಮೇಲಿನದು ಬಿಚ್ಚುತ್ತೆ ಅಂತ ಗೊತ್ತಾದ ಮೇಲೆ ತಾನೇ ಕೆಳಗಿನದಕ್ಕೆ ಕೈ ಹಾಕೋದು?"

ಗಂಡ ಗೆಣ್ಣಿನ ರಕ್ತ ಒರೆಸಿಕೊಂಡ. "ಗೊತ್ತಾಗ್ಲಿಲ್ಲ ಅಕ್ಕ."

"ಗಾಡಿ ಹೀಗೇ ಓಡಿಸಿದ್ರೆ?" ಎಂದಳು ಅವಳು. "ಹೊಳೆ ದಾಟೋವರೆಗೆ ಮಾತ್ರ."

"ಹೊಳೆ ಮಧ್ಯದಲ್ಲಿ ಕಚ್ಕೊಂಡ್ರೆ ಏನು ಮಾಡ್ತೀಯ ತಂಗಿ? ನೋವು ಎಷ್ಟು ಹೊತ್ತಿಗೊಂದು?"

"ಹತ್ತು ನಿಮಿಷ."

"ಚೊಚ್ಚಲು, ಹೊತ್ತು ಹಿಡಿಯುತ್ತೆ. ಅರ್ಧ ಗಂಟೆ ಕೊಡು ನಂಗೆ."

ಅಕ್ಕ ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದಳು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದಳು. ಸುತ್ತಿಗೆಯಿಂದ ನಟ್ಟಿನ ತಲೆಗೆ ಟಕ್ ಟಕ್ ಎಂದು ಬಡಿದು, ಕಾದು, ಮತ್ತೆ ಬಡಿದಳು. ತಾಯಿ ಒಳಗೂ ಹೊರಗೂ ನಡೆದಳು. ಒಳಗೆ ಮಗಳ ಸೊಂಟ ಒತ್ತಿದಳು, ಹೊರಗೆ ಬಂದು ಗಾಡಿಯ ಕೆಳಗಿನ ಎರಡು ಜೊತೆ ಪಾದ ನೋಡಿದಳು. ಒಂಬತ್ತು ನಿಮಿಷ. ಎಂಟು. ಸುತ್ತಿಗೆಯ ಸದ್ದು ನಿಂತಾಗಲೆಲ್ಲ ಅವಳು ಬಾಗಿಲಿಗೆ ಓಡಿ ಬರುತ್ತಿದ್ದಳು.

ಅಕ್ಕ ಅಳತೆಗಿಂತ ಒಂದು ಕೂದಲು ಚಿಕ್ಕದಾದ ಸಾಕೆಟ್ ಸ್ಪ್ಯಾನರನ್ನು ಗುಂಡಗಾದ ನಟ್ಟಿನ ಮೇಲೆ ಬಡಿದು ಕೂರಿಸಿ, ಹಿಡಿಗೆ ಉದ್ದದ ಪೈಪು ಸೇರಿಸಿದಳು. "ತಂಗಿ, ಈ ತುದಿ ಹಿಡ್ಕೋ. ಎಳೀಬೇಡ, ಒತ್ತು. ನಿಧಾನವಾಗಿ. ತಮ್ಮಾ, ನೀನೂ."

ಮೂವರೂ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಟಕ್ ಎಂದಿತು. ಮುರಿಯಿತೇನೋ ಎಂದು ಅವಳು ಬಗ್ಗಿ ನೋಡಿದಳು.

"ಬಿಡ್ತು," ಎಂದಳು ಅಕ್ಕ.

ಕೆಳಗಿನ ನಟ್ಟನ್ನು ಅಕ್ಕ ಇನ್ನೊಮ್ಮೆ ಬಿಚ್ಚಿ ನೋಡಿದಳು. ಅದರ ತುದಿಯ ಅಯಸ್ಕಾಂತಕ್ಕೆ ಬೂದು ಪುಡಿ ಮೆತ್ತಿತ್ತು. "ಪುಡಿ ಇದ್ರೆ ಪರವಾಗಿಲ್ಲ. ಚೂರು ಇದ್ದಿದ್ರೆ ಹಲ್ಲು ಮುರಿದಿದೆ ಅಂತ." ಒರೆಸಿ, ಹೊಸ ವಾಷರ್ ಹಾಕಿ ಬಿಗಿದಳು. ಆಮೇಲೆ ಮೇಲಿನ ತೂತಿನಿಂದ ಹೊಸ ಆಯಿಲ್ ಹಾಕಿದಳು, ತೂತಿನ ಅಂಚಿಗೆ ಬಂದು ಹೊರಗೆ ಜಿನುಗುವವರೆಗೆ. ಮೇಲಿನ ನಟ್ಟನ್ನೂ ಹಾಕಿ ಬಿಗಿದಳು. ನಡುವಿನ ಪೆಟ್ಟಿಗೆಯತ್ತ ಡಬ್ಬಿ ಹಿಡಿದು ಹೊರಟ ಗಂಡನ ಕೈ ತಡೆದಳು.

"ಟ್ರಾನ್ಸ್‌ಫರ್ ಕೇಸಿಗೆ ಇದಲ್ಲ. ನಿನ್ನ ಗಾಡಿ ಪುಸ್ತಕದಲ್ಲಿ ಅದಕ್ಕೆ ತೆಳು ಆಯಿಲ್ ಬರೆದಿದೆ. ಇವತ್ತು ಅದನ್ನೂ ಮುಂದಿನದನ್ನೂ ಮುಟ್ಟೋದು ಬೇಡ, ಹಳೇದು ಒಳಗಿದೆ. ಹೊರಡು."

ಮಗಳನ್ನು ಮುಂದಿನ ಸೀಟಿನಲ್ಲಿ ನಡುವೆ ಕೂರಿಸಿಕೊಂಡರು. ಅಕ್ಕ ಹಿಂದೆ ಹತ್ತಿ ನಿಂತಳು. ಇಳಿಜಾರಿನುದ್ದಕ್ಕೂ ಅವಳಿಗೆ ಕೇಳುತ್ತಿದ್ದದ್ದು ಎರಡೇ ಸದ್ದು: ಮಗಳ ಉಸಿರು, ಹಿಂದಿನ ಚಕ್ರಗಳ ಸದ್ದು. ಗುಂಯ್ ಪೂರ್ತಿ ಹೋಗಿರಲಿಲ್ಲ, ಸಣ್ಣದಾಗಿತ್ತು. ಹೊಳೆಯಲ್ಲಿ ನೀರು ಬಾಗಿಲ ಕೆಳ ಅಂಚು ತಾಕಿತು. ಗಾಡಿ ನಿಲ್ಲಲಿಲ್ಲ. ಆಚೆ ದಡದ ಟಾರು ರಸ್ತೆಯಲ್ಲಿ ಆಂಬುಲೆನ್ಸಿನ ಬಿಳಿ ಬಾಗಿಲು ತೆರೆದಿತ್ತು.

ಮಧ್ಯಾಹ್ನ ಮೂರಕ್ಕೆ ಮೊಮ್ಮಗಳು ಹುಟ್ಟಿದಳು.

ಆಸ್ಪತ್ರೆಯ ಮೊಗಸಾಲೆಯ ಬೆಂಚಿನಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ಕೂತಿದ್ದರು. ಅವನ ಉಗುರಲ್ಲಿ ಇನ್ನೂ ಕಪ್ಪು ಉಳಿದಿತ್ತು.

"ಪೂರ್ತಿ ಸರಿಹೋಗಿಲ್ಲ ಅಂದಳು ಅಕ್ಕ. ಬೇರಿಂಗ್ ಸವೆದಿರಬಹುದಂತೆ," ಎಂದ. "ನಾಳೆ ಅಕ್ಕನ್ನೇ ಕರೀತೀನಿ. ಮುಂದಿನದು, ನಡುವಿನದು, ಎಲ್ಲಾ ಅವಳ ಕೈಲೇ ಆಗಲಿ." ಉಗುರಿನ ಕಪ್ಪು ಕೆರೆಯುತ್ತ, "ಆ ಸದ್ದು ನಿಂಗೆ ಎಷ್ಟು ದಿನದಿಂದ ಕೇಳ್ತಿತ್ತು?"

"ಎರಡು ತಿಂಗಳಿಂದ."

"ಇನ್ಮೇಲೆ ಕೇಳಿದ ದಿನಾನೇ ಹೇಳಿಬಿಡು."

"ಹೇಳಿದ್ದೆ," ಎಂದಳು ಅವಳು.

ಅವನು ತಲೆ ತಗ್ಗಿಸಿದ. ಈ ಸಲ ಅವಳು ಹೇಳಿದ್ದನ್ನು ನುಂಗಲಿಲ್ಲ.

ಗಾಡಿ ಇಟ್ಟುಕೊಂಡ ಅಣ್ಣಂದಿರೇ, ಅಕ್ಕಂದಿರೇ, "ಆಯಿಲ್ ಆಗಿದೆ" ಎನ್ನುವ ಮುಂಚೆ "ಯಾವುದರದು" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಎಷ್ಟು ಕಿಲೋಮೀಟರಿಗೆ, ಯಾವ ಆಯಿಲ್ ಎಂಬುದು ನಿಮ್ಮ ಗಾಡಿಯ ಪುಸ್ತಕದಲ್ಲಿದೆ. ಹೊಳೆ, ಕೆಸರು, ಭಾರಿ ಹೊರೆ ನಿಮ್ಮ ದಿನದ ಪಾಡಾದರೆ ಇನ್ನೂ ಬೇಗ ಮಾಡಿಸಿ. ಗಾಡಿಯನ್ನು ಮಟ್ಟ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಡಿ, ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತೂರಬೇಡಿ. ಮೇಲಿನ ನಟ್ಟು ಬಿಚ್ಚಿದ ಮೇಲಷ್ಟೇ ಕೆಳಗಿನದನ್ನು ಮುಟ್ಟಿ. ಹಳೆಯ ಆಯಿಲನ್ನು ಮಣ್ಣಿಗೂ ಚರಂಡಿಗೂ ಸುರಿಯದೆ ಡಬ್ಬಿಯಲ್ಲಿ ತುಂಬಿ ವರ್ಕ್‌ಶಾಪಿಗೆ ಕೊಡಿ.

ಪಕ್ಕದ ಸೀಟಿನಲ್ಲಿ ಕೂರುವ ತಾಯಂದಿರೇ, ನಿಮಗೊಂದು ಮಾತು. ಹೊಸ ಸದ್ದು ಕೇಳಿದರೆ ಹೇಳಿ. ನಕ್ಕರೆ ಇನ್ನೊಮ್ಮೆ ಹೇಳಿ. ಗಾಡಿ ನಿಲ್ಲಿಸಿ ನೋಡುವವರೆಗೆ ಹೇಳುತ್ತಲೇ ಇರಿ.