ನಿಮ್ಮಲ್ಲಿ ಬಿಡುವುದಿಲ್ಲ

ಭಾರತದ ಮಹಿಳಾ ಕಬಡ್ಡಿ ತಂಡವನ್ನು ಕಠ್ಮಂಡುವಿಗೆ ಕರೆದೊಯ್ಯಲು ಮ್ಯಾನೇಜರ್ ಆಗಿ ಆಯ್ಕೆಯಾದವಳು ತೋಡಾರಿನ ಜುವೈರಿಯಾ. ಹೋದವಳು ನಾರಾವಿಯ ಸಾಧನಾ. "ಅವರಲ್ಲಿ ಹೆಂಗಸರನ್ನು ಹೊರದೇಶಕ್ಕೆಲ್ಲ ಬಿಡುವುದಿಲ್ಲ" ಎಂದು ಜಿಲ್ಲಾ ಕಬಡ್ಡಿ ಸಂಘದ ಕಾರ್ಯದರ್ಶಿ ಸುಬ್ಬಯ್ಯ ಮೇಲಿನವರಿಗೆ ಫೋನು ಮಾಡಿ ತಿಳಿಸಿದ್ದರು. ಜುವೈರಿಯಾಳನ್ನು ಯಾರೂ ಕೇಳಿರಲಿಲ್ಲ.

ಆ ಹೊತ್ತಿಗೆ ಅವಳ ತಾಯಿ ಜೈನಬಮ್ಮ, ಅಳಿಯ ಸೌದಿಯ ದಮಾಮಿನಿಂದ ತಂದಿದ್ದ ದೊಡ್ಡ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ, ಒರೆಸಿ, ಬಿಸಿಲಿಗಿಟ್ಟಾಗಿತ್ತು.

ಅಲ್ಲಿಂದಾಚೆ ಸಾಧನಾಳ ಕಾಲಿಗೆ ಚಕ್ರ ಕಟ್ಟಿದ ಹಾಗಾಯಿತು. ಕಠ್ಮಂಡು, ಬ್ಯಾಂಕಾಕ್, ಟೆಹ್ರಾನ್. ಜುವೈರಿಯಾ ಬೆಳ್ತಂಗಡಿಯ ಶಾಲೆಯ ಅಂಗಳದಲ್ಲಿ ಸೀಟಿ ಊದುತ್ತ ನಿಂತಿದ್ದರೆ ಮೊಬೈಲಿಗೆ ಫೋಟೋಗಳು ಬಂದು ಬೀಳುತ್ತಿದ್ದವು. ನೋಡಬಾರದು ಅಂದುಕೊಂಡೇ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುವಳು. ನೀಲಿ ಬ್ಲೇಜರು, ಎದೆಯ ಮೇಲೆ ಭಾರತ. ಟೆಹ್ರಾನಿನಲ್ಲಿ ಸಾಧನಾ ತಲೆಗೆ ವಸ್ತ್ರ ಸುತ್ತಿದ್ದಳು. "ಪಿನ್ನು ಹಾಕ್ಲಿಕ್ಕೂ ಗೊತ್ತಿಲ್ಲ ಇವಳಿಗೆ!" ಜುವೈರಿಯಾ ಒಬ್ಬಳೇ ನಕ್ಕಳು. ನಗು ಮುಗಿಯುವ ಮೊದಲೇ ಹೊಟ್ಟೆಯೊಳಗಿನ ಕೆಂಡ ಮತ್ತೆ ಕೆದರಿತು. ಒಂದೇ ತಂಡದಲ್ಲಿ ತನ್ನ ಕೈಗೆ ಕೈ ಕೊಂಡಿ ಹಾಕಿ ಆಡಿದವಳು ಇವಳು!

ಮೂಡುಬಿದಿರೆಯಲ್ಲಿ ಸಾಧನಾಳಿಗೆ ಸನ್ಮಾನ. ಅಭಿನಂದನೆಯ ಮಾತು ಜುವೈರಿಯಾಳದು. ವೇದಿಕೆಯ ಹಿಂದೆ ಸುಬ್ಬಯ್ಯ ಮೆಲ್ಲಗೆ ಹತ್ತಿರ ಬಂದರು.

"ಟೀಚರ್, ನೀವು ಎರಡು ಮಾತು ಹೇಳ್ಬೇಕು. ಮನೆಯಲ್ಲಿ ಬಿಡ್ಲಿಲ್ಲ, ಹಾಗೆ ನಾನೇ ಸಾಧನಾಗೆ ಬಿಟ್ಟುಕೊಟ್ಟೆ ಅಂತ. ಊರವರು ಏನೇನೋ ಮಾತಾಡ್ತಾರೆ, ಅದೊಂದು ಮುಗಿಯಲಿ. ಮುಂದಿನ ಸಲ ದುಬೈ ಉಂಟು. ನಿಮ್ಮ ಹೆಸರೇ ಕಳಿಸುವ."

ದುಬೈ! ಬ್ಲೇಜರು ಆಗಲೇ ಜುವೈರಿಯಾಳ ಹೆಗಲ ಮೇಲೆ ಬಂದು ಕೂತಂತಾಯಿತು.

ಪಕ್ಕದಲ್ಲೇ ನಿಂತಿದ್ದ ಸಾಧನಾ ಅವಳ ಮುಂಗೈ ಹಿಡಿದಳು. "ಹೇಳಿಬಿಡು ಮಾರಾಯ್ತಿ. ನನಗೂ ಒಂದು ಸಮಾಧಾನ."

"ಅಂದ್ರೆ ನನ್ನನ್ನು ಯಾರೂ ಕೇಳ್ಲೇ ಇಲ್ಲ ಅಂತ ನಿನಗೆ ಗೊತ್ತಿತ್ತು?"

ಸಾಧನಾ ತಲೆ ತಗ್ಗಿಸಿ ಬ್ಲೇಜರಿನ ಗುಂಡಿ ಹಾಕಿಕೊಳ್ಳತೊಡಗಿದಳು. ಆ ಹಾಳು ಬ್ಲೇಜರು ಅವಳಿಗೆ ಎಷ್ಟು ಚೆನ್ನಾಗಿ ಒಪ್ಪಿತ್ತು! ಆಗಲೂ ಜುವೈರಿಯಾಳಿಗೆ ಅದೇ ಕಂಡಿತು.

ಹೆಸರು ಕರೆದರು. ಮೈಕಿನ ಮುಂದೆ ನಿಂತರೆ ಎದುರು ಸಾಲಿನಲ್ಲೇ ಜೈನಬಮ್ಮ, ಮಗಳು ಮಾತಾಡುವುದನ್ನು ಕೇಳಲು ಬಂದವರು. ಮಗಳನ್ನು ಬಿಡಲಿಲ್ಲ ಎಂಬ ಅಪವಾದ ಇನ್ನೊಂದು ಗಳಿಗೆಯಲ್ಲಿ ಬೀಳಬೇಕಾಗಿದ್ದುದು ಅವರ ತಲೆಯ ಮೇಲೆ.

"ಹೇಳಿ ಟೀಚರ್, ಹೇಳಿ," ಸುಬ್ಬಯ್ಯ ಹಿಂದಿನಿಂದ ಪಿಸುಗುಟ್ಟಿದರು.

ಜುವೈರಿಯಾ ಮೈಕನ್ನು ಕೈಯಲ್ಲಿ ಹಿಡಿದೇ ಅವರ ಕಡೆ ತಿರುಗಿದಳು.

"ಇಲ್ಲ ಸರ್, ಹೇಳುವುದಿಲ್ಲ. ಸುಳ್ಳು ಹೇಳ್ಲಿಕ್ಕೆ ನಮ್ಮಲ್ಲಿ ಬಿಡುವುದಿಲ್ಲ."